ಔಟ್‌ಲೈನರ್ ಎಷ್ಟು ಭಾರ ಹೊರುತ್ತದೆ? ಮನೆಯಲ್ಲೇ ಅಳೆದು ನೋಡುವ ಬಗೆ

ಆಟಿ ತಿಂಗಳ ಒಂದು ರಾತ್ರಿ. ಉಡುಪಿಯಲ್ಲಿ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಮೀನಿನ ಹೆಸರುಗಳ ಪಟ್ಟಿಯಲ್ಲಿ ‘ಬೂತಾಯಿ’ ಎಂದು ಟೈಪ್ ಮಾಡಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ‘ಬೂ’ ಬಂತು. ಇನ್ನೂ ಸ್ವಲ್ಪ ಹೊತ್ತಿಗೆ ‘ತಾ’. ಎದ್ದು ಹೋಗಿ ಕಿಟಕಿ ಹಾಕಿ ಬಂದೆ. ‘ಯಿ’ ಬಂದಿತ್ತು, ಜೊತೆಗೆ ‘ಪ್ರೋಗ್ರಾಂ ಸ್ಪಂದಿಸುತ್ತಿಲ್ಲ’ ಎಂಬ ಪೆಟ್ಟಿಗೆಯೂ ಬಂದು ಕೂತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಕರೆಂಟು ಬಂದು ಮತ್ತೆ ತೆರೆದರೆ ಫೈಲ್ ನಡುವಿನಲ್ಲೇ ತುಂಡಾಗಿತ್ತು. ಸೇವ್ ಆಗುತ್ತಿದ್ದಾಗಲೇ ನಿಂತು ಹೋಗಿತ್ತು. ಹಳೆಯ ಕಾಪಿ ಇದ್ದದ್ದು ಮೂರು ವಾರದ ಹಿಂದಿನದು.

ಆ ಫೈಲಿನಲ್ಲಿ ಇದ್ದದ್ದು ನಾನು ವರ್ಷಗಟ್ಟಲೆ ಕೂಡಿಸಿಕೊಂಡು ಬಂದ ಕರಾವಳಿಯ ಪದಗಳು. ಮೀನು, ಬಲೆ, ದೋಣಿ, ಭತ್ತ, ಅಡುಗೆ, ಯಕ್ಷಗಾನ ಎಂದು ಕೊಂಬೆಗಳು. ಒಂದೊಂದು ಪದದ ಕೆಳಗೆ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡದ ರೂಪಗಳು, ಯಾವ ಊರಿನಲ್ಲಿ ಕೇಳಿದ್ದು, ಒಂದು ಉದಾಹರಣೆ ವಾಕ್ಯ, ಕೆಲವಕ್ಕೆ ಫೋಟೋ. ಎಲ್ಲವೂ ಔಟ್‌ಲೈನರ್ ಎಂಬ ಟಿಪ್ಪಣಿ ಸಾಫ್ಟ್‌ವೇರಿನ ಒಂದೇ ಫೈಲಿನಲ್ಲಿ. ತಪ್ಪು ಸಾಫ್ಟ್‌ವೇರಿನದ್ದೂ ಹೌದು, ನನ್ನದೂ ಹೌದು. ಅದು ಎಷ್ಟು ಹೊರುತ್ತದೆ ಎಂದು ನಾನು ಒಮ್ಮೆಯೂ ಅಳೆದು ನೋಡಿರಲಿಲ್ಲ.

ಆಮೇಲೆ ಅಳೆಯಲು ಕಲಿತೆ. ಒಂದು ಭಾನುವಾರ ಮಧ್ಯಾಹ್ನದ ಕೆಲಸ ಅಷ್ಟೇ. ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ. ಊರಿನ ಇತಿಹಾಸ ಬರೆಯುವವರು, ಪಿಎಚ್‌ಡಿ ಟಿಪ್ಪಣಿ ಮಾಡುವವರು, ಆಫೀಸಿನ ಹತ್ತು ವರ್ಷದ ಮೀಟಿಂಗ್ ನೋಟ್ಸನ್ನು ಒಂದೇ ಔಟ್‌ಲೈನಿಗೆ ತುಂಬಿದವರು, ಎಲ್ಲರಿಗೂ ಇದು ಆಗುತ್ತದೆ.

ಮೊದಲು, ಸಿಕ್ಕಿಬೀಳುವುದು ಎಲ್ಲಿ?

ಔಟ್‌ಲೈನರ್ ಎಂದರೆ ಸಾಲಿನೊಳಗೆ ಸಾಲು, ಅದರೊಳಗೆ ಮತ್ತೊಂದು ಸಾಲು. ಬೇಕಾದಾಗ ಬಿಡಿಸುವುದು, ಬೇಡವಾದಾಗ ಮಡಚುವುದು. 1968ರ ಡಿಸೆಂಬರಿನಲ್ಲಿ ಅಮೆರಿಕದ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊಟ್ಟ ಪ್ರಸಿದ್ಧ ಡೆಮೋದಲ್ಲಿ ಮನೆಸಾಮಾನಿನ ಚೀಟಿಯನ್ನೇ ಹೀಗೆ ಮಡಚಿ ಬಿಡಿಸಿ ತೋರಿಸಿದ್ದರು. ಇವತ್ತಿನ ವರ್ಕ್‌ಫ್ಲೋಯಿ, ಡೈನಲಿಸ್ಟ್, ಲಾಗ್‌ಸೆಕ್, ಆಮ್ನಿಔಟ್‌ಲೈನರ್, ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಆರ್ಗ್ ಮೋಡ್ ಎಲ್ಲ ಅದೇ ವಂಶ. ವರ್ಡ್‌ನ ಔಟ್‌ಲೈನ್ ವ್ಯೂ ಕೂಡ ದೂರದ ನೆಂಟ.

ಯಕ್ಷಗಾನ ನೋಡುವವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಬಣ್ಣ ಹಚ್ಚಿಕೊಳ್ಳುವ ಜಾಗವಾದ ಚೌಕಿಯಲ್ಲಿ ಮೇಳದ ವೇಷಧಾರಿಗಳೆಲ್ಲ ಇರುತ್ತಾರೆ. ರಂಗಸ್ಥಳಕ್ಕೆ ಬರುವುದು ಆ ಹೊತ್ತಿಗೆ ಬೇಕಾದ ನಾಲ್ಕೈದು ಜನ. ಕಂಪ್ಯೂಟರಿನ ಮೆಮೊರಿ ಅಂದರೆ ಚೌಕಿ. ಪರದೆ ಅಂದರೆ ರಂಗಸ್ಥಳ. ಜಾಣ ಔಟ್‌ಲೈನರ್ ನಿಮಗೆ ಕಾಣುವ ನಲವತ್ತು ಐವತ್ತು ಸಾಲುಗಳಿಗೆ ಮಾತ್ರ ಬಣ್ಣ ಹಚ್ಚಿ ರಂಗಕ್ಕೆ ಕಳಿಸುತ್ತದೆ. ದಡ್ಡ ಔಟ್‌ಲೈನರ್ ಮೇಳಕ್ಕೆ ಮೇಳವನ್ನೇ ರಂಗಸ್ಥಳದಲ್ಲಿ ನಿಲ್ಲಿಸುತ್ತದೆ. ನಲವತ್ತು ಸಾಲು ಇರುವಾಗ ಇಬ್ಬರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ನಲವತ್ತು ಸಾವಿರ ಆದಾಗ ಕಾಣುತ್ತದೆ.

ಬ್ರೌಸರ್ ಒಳಗೆ ಓಡುವ ಔಟ್‌ಲೈನರುಗಳಲ್ಲಿ ಇದು ಜಾಸ್ತಿ. ನಿಮಗೆ ಒಂದು ಸಾಲಾಗಿ ಕಾಣುವುದು ಬ್ರೌಸರಿಗೆ ನಾಲ್ಕೈದು ತುಂಡು: ಚುಕ್ಕೆ, ಬಾಣ, ಪಠ್ಯ, ಅವನ್ನು ಹಿಡಿದಿಡುವ ಡಬ್ಬಗಳು. ವೆಬ್ ಪುಟ ಪರೀಕ್ಷಿಸುವ ಗೂಗಲ್‌ನ ಲೈಟ್‌ಹೌಸ್ ಎಂಬ ಸಾಧನ ಒಂದು ಪುಟದಲ್ಲಿ ಸುಮಾರು 800 ತುಂಡು ದಾಟಿದರೆ ಎಚ್ಚರಿಸುತ್ತದೆ, 1,400 ದಾಟಿದರೆ ತೀರಾ ಜಾಸ್ತಿ ಎನ್ನುತ್ತದೆ. ಸಾಲಿಗೆ ಐದು ತುಂಡು ಎಂದು ಹಿಡಿದರೆ 280 ಸಾಲಿಗೇ 1,400 ಮುಗಿಯಿತು. ಅಲ್ಲಿಗೆ ಬ್ರೌಸರ್ ಕುಸಿಯುವುದಿಲ್ಲ ಬಿಡಿ, ಆದರೆ ಹೊರೆ ಎಲ್ಲಿಂದ ಶುರುವಾಗುತ್ತದೆ ಎಂಬ ಅಂದಾಜು ಸಿಗುತ್ತದೆ.

ಎರಡನೆಯದು ಸೇವ್. ಔಟ್‌ಲೈನುಗಳನ್ನು ಉಳಿಸಲು ಬಳಸುವ ಓಪಿಎಂಎಲ್ ಥರದ ಎಕ್ಸ್‌ಎಂಎಲ್ ಫೈಲುಗಳಲ್ಲಿ ಒಂದು ಅಕ್ಷರ ಬದಲಿಸಿದರೂ ಸಾಮಾನ್ಯವಾಗಿ ಇಡೀ ಫೈಲನ್ನು ಮೊದಲಿಂದ ಬರೆಯಬೇಕು. ‘ಬೂತಾಯಿ’ಗೆ ಒಂದು ಒತ್ತು ಸೇರಿಸಿದ್ದಕ್ಕೆ ಯಕ್ಷಗಾನದ ಕೊಂಬೆಯನ್ನೂ ಮತ್ತೆ ಬರೆಯುತ್ತದೆ. ನನ್ನ ಫೈಲ್ ತುಂಡಾಗಿದ್ದು ಇಲ್ಲೇ.

ಮೂರನೆಯದು ಕೀ ಒತ್ತಿದಾಗೆಲ್ಲ ಹಿಂದೆ ನಡೆಯುವ ಕೆಲಸ. ಪದ ಎಣಿಕೆ, ಕಾಗುಣಿತ ಪರೀಕ್ಷೆ, ಅನ್‌ಡೂ ನೆನಪು, ಸಿಂಕ್. ಇದನ್ನು ನಾವು ಮರೆತೇಬಿಡುತ್ತೇವೆ.

ಕನ್ನಡದ ತೂಕ

ಇಂಗ್ಲಿಷ್ ಬಳಸುವವರು ಬರೆದಿಟ್ಟ ‘ಇಷ್ಟು ಸಾಲಿನವರೆಗೆ ತೊಂದರೆ ಇಲ್ಲ’ ಎಂಬ ಲೆಕ್ಕವನ್ನು ಹಾಗೇ ನಂಬಬೇಡಿ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಎಂಬ ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಉಡುಪಿ’ಯನ್ನೇ ನೋಡಿ. ಉ, ಡ, ಉಕಾರದ ಚಿಹ್ನೆ, ಪ, ಗುಡಿಸು. ಐದು ಸಂಕೇತ, 15 ಬೈಟ್. ಅದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ 5 ಬೈಟ್.

ಅದಕ್ಕಿಂತ ದೊಡ್ಡ ಕೆಲಸ ಅಕ್ಷರ ಬಿಡಿಸುವುದು. ‘ಕ್ಷೇತ್ರ’ ಎಂಬ ಪದ ಕಣ್ಣಿಗೆ ಎರಡು ಅಕ್ಷರ. ಒಳಗೆ ಏಳು ಸಂಕೇತ, 21 ಬೈಟ್. ಅವನ್ನು ಜೋಡಿಸಿ, ಒತ್ತನ್ನು ಕೆಳಗಿಟ್ಟು, ದೀರ್ಘವನ್ನು ಪಕ್ಕಕ್ಕಿಟ್ಟು ಚಿತ್ರ ಮಾಡಬೇಕು. ‘ಸೂರ್ಯ’ದಲ್ಲಿ ರ ಮೊದಲು ಬರುತ್ತದೆ, ಆದರೆ ಅರ್ಕಾವತ್ತು ಕಾಣುವುದು ಯ ಆದಮೇಲೆ. ಈ ಹಿಂದುಮುಂದು ಮಾಡುವ ಕೆಲಸ ಇಂಗ್ಲಿಷಿಗೆ ಇಲ್ಲ. ಸಾಲು ರಂಗಸ್ಥಳಕ್ಕೆ ಬರುವಾಗಲೆಲ್ಲ ಈ ವೇಷ ಕಟ್ಟಬೇಕು. ಹಾಗಾಗಿ ‘ಎಲ್ಲ ಬಿಡಿಸು’ ಎಂಬ ಬಟನ್ ಕನ್ನಡದ ಫೈಲಿನಲ್ಲಿ ಇನ್ನೂ ದುಬಾರಿ.

ಅಂದರೆ ಪರೀಕ್ಷೆಗೆ ಬಳಸುವ ಪಠ್ಯ ಕನ್ನಡದ್ದೇ ಆಗಬೇಕು. ಇಷ್ಟು ತಿಳಿದರೆ ಸಾಕು, ಕೆಲಸಕ್ಕೆ ಇಳಿಯೋಣ.

ಹಂತ 1: ಕಾಪಿ ತೆಗೆಯಿರಿ, ಸಾಲು ಎಣಿಸಿ

ಅಸಲಿ ಫೈಲಿನ ಮೇಲೆ ಯಾವ ಪ್ರಯೋಗವೂ ಬೇಡ. ಮೊದಲು ಎರಡು ಎಕ್ಸ್‌ಪೋರ್ಟ್ ತೆಗೆಯಿರಿ. ಒಂದು ಓಪಿಎಂಎಲ್, ಇನ್ನೊಂದು ಟ್ಯಾಬ್ ಬಿಟ್ಟು ಬರೆದ ಸಾದಾ ಪಠ್ಯ. ಓಪಿಎಂಎಲ್ 2000ದಿಂದ ಇರುವ ರೂಪ, ಬೇರೆ ಔಟ್‌ಲೈನರಿಗೆ ಹೋಗಲು ಅದೇ ದಾರಿ. ಸಾದಾ ಪಠ್ಯವನ್ನು ಯಾವ ಕಾಲದಲ್ಲೂ ಯಾವುದರಲ್ಲೂ ತೆರೆಯಬಹುದು. ಎರಡನ್ನೂ ಪೆನ್‌ಡ್ರೈವಿಗೆ ಹಾಕಿ ಪಕ್ಕಕ್ಕಿಡಿ.

ಈಗ ಸಾದಾ ಪಠ್ಯವನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಪುಕ್ಕಟೆ ಪಠ್ಯ ಸಂಪಾದಕದಲ್ಲಿ ತೆರೆಯಿರಿ. ಕೆಳಗಿನ ಪಟ್ಟಿಯಲ್ಲಿ ಎಷ್ಟು ಸಾಲು ಎಂದು ಬರುತ್ತದೆ. ಬರೆದುಕೊಳ್ಳಿ. ಉದ್ದ ಟಿಪ್ಪಣಿಗಳಿದ್ದರೆ ಒಂದೇ ಐಟಂ ನಾಲ್ಕೈದು ಸಾಲಾಗಿ ಎಣಿಕೆಗೆ ಬರಬಹುದು, ಅಂದಾಜಿಗೆ ತೊಂದರೆಯಿಲ್ಲ.

ಇನ್ನೂ ಎರಡು ಸಂಖ್ಯೆ ಬೇಕು. ಒಂದು: ಒಂದೇ ತಾಯಿಯ ಕೆಳಗೆ ಅತಿ ಹೆಚ್ಚು ಮಕ್ಕಳು ಎಷ್ಟು? ನನ್ನಲ್ಲಿ ‘ಮೀನು’ ಎಂಬುದರ ಕೆಳಗೆ ನೂರಾರು ಹೆಸರು ಒಂದೇ ಮಟ್ಟದಲ್ಲಿ ಸಾಲಾಗಿ ನಿಂತಿದ್ದವು. ಎರಡು: ಅತಿ ಆಳದ ಸಾಲು ಎಷ್ಟನೇ ಮಟ್ಟದಲ್ಲಿದೆ? ವರ್ಡ್‌ನ ಶೀರ್ಷಿಕೆ ಮಟ್ಟ 9ಕ್ಕೆ ಮುಗಿಯುತ್ತದೆ, ಎಕ್ಸೆಲ್‌ನ ಗುಂಪು ಮಾಡುವ ಮಟ್ಟ 8ಕ್ಕೆ. ಹನ್ನೊಂದನೇ ಮಟ್ಟಕ್ಕೆ ಇಳಿದವರು ಅಲ್ಲಿಗೆ ಹೋಗಲು ಆಗುವುದಿಲ್ಲ.

ಫೋಟೋಗಳನ್ನೂ ನೋಡಿ. ಕೆಲವು ಸಾಫ್ಟ್‌ವೇರ್‌ಗಳು ಫೋಟೋವನ್ನು ಅಕ್ಷರಗಳಾಗಿ ಮಾಡಿ ಫೈಲಿನ ಒಳಗೇ ತುಂಬುತ್ತವೆ. ಬೇಸ್-64 ಎಂಬ ಆ ವಿಧಾನದಲ್ಲಿ 3 ಬೈಟ್ ಹೋಗಿ 4 ಆಗುತ್ತದೆ. ಮಲ್ಪೆಯ ಬಂದರಿನಲ್ಲಿ ತೆಗೆದ 3 ಎಂಬಿಯ ಒಂದು ಅಂಜಲ್ ಮೀನಿನ ಫೋಟೋ ನಿಮ್ಮ ಫೈಲಿಗೆ 4 ಎಂಬಿ ಭಾರ. 4 ಎಂಬಿಯಲ್ಲಿ ಹದಿಮೂರು ಲಕ್ಷ ಕನ್ನಡ ಸಂಕೇತಗಳನ್ನು ಬರೆಯಬಹುದಿತ್ತು, ಮಾರಾಯ್ರೆ.

ಹಂತ 2: ಪರೀಕ್ಷೆಯ ರಾಶಿ ಮಾಡಿ

ನಿಮ್ಮ ಪಠ್ಯದಿಂದಲೇ 100 ಸಾಲು ಕತ್ತರಿಸಿ ಹೊಸ ಸಾದಾ ಫೈಲಿಗೆ ಹಾಕಿ. ಒಂದೆರಡು ಮಟ್ಟದ ಆಳ ಇರಲಿ. ಈಗ ಎಲ್ಲ ಆಯ್ದು, ಕಾಪಿ ಮಾಡಿ, ಕೊನೆಗೆ ಹೋಗಿ ಪೇಸ್ಟ್ ಮಾಡಿ. 200 ಆಯಿತು. ಮತ್ತೆ ಎಲ್ಲ ಆಯ್ದು ಪೇಸ್ಟ್ ಮಾಡಿದರೆ 400. ಮೂರನೇ ಸಲಕ್ಕೆ 800. ಅದನ್ನು ಒಂದು ಫೈಲಾಗಿ ಉಳಿಸಿ. ಏಳನೇ ಸಲಕ್ಕೆ 12,800, ಎಂಟನೇ ಸಲಕ್ಕೆ 25,600, ಒಂಬತ್ತಕ್ಕೆ 51,200, ಹತ್ತಕ್ಕೆ 1,02,400. ಪ್ರತಿಯೊಂದನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸಿ. ಹತ್ತು ಪೇಸ್ಟಿಗೆ ಲಕ್ಷ ಸಾಲು! ಚದುರಂಗದ ಮನೆಗೆ ಅಕ್ಕಿ ಕಾಳು ಇಟ್ಟ ಕತೆಯ ಲೆಕ್ಕ.

ಲಕ್ಷ ಸಾಲು ಯಾರಿಗೆ ಬೇಕು ಎನ್ನಬೇಡಿ. 1894ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅಚ್ಚು ಹಾಕಿದ ಕಿಟೆಲ್ ಕೋಶದಲ್ಲಿ ಸುಮಾರು 70,000 ಪದಗಳಿವೆ. ಒಂದೊಂದು ಪದಕ್ಕೆ ಅರ್ಥದ ಒಂದೇ ಸಾಲು ಎಂದು ಇಟ್ಟರೂ 1,40,000 ಸಾಲು. ಕೈಯಲ್ಲಿ ಬರೆದ ಚೀಟಿಗಳ ಕಾಲದಲ್ಲೇ ಮನುಷ್ಯರು ಅಷ್ಟು ಕೂಡಿಸಿದ್ದಾರೆ.

ಇಲ್ಲಿ ಎರಡು ಎಚ್ಚರಿಕೆ. ಒಂದೇ ಪಠ್ಯ ಮತ್ತೆ ಮತ್ತೆ ಇರುವುದರಿಂದ ಹುಡುಕಾಟದ ಪರೀಕ್ಷೆ ಕೆಡುತ್ತದೆ. ‘ಬಂಗುಡೆ’ ಎಂದು ಹುಡುಕಿದರೆ ಸಾವಿರ ಕಡೆ ಸಿಗುತ್ತದೆ. ಅದಕ್ಕೆ ಪ್ರತಿ ಫೈಲಿನ ಕೊನೆಯ ಸಾಲಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ ಬಚ್ಚಿಡಿ. ನಾನು ‘ಕುಂಬಳಕಾಯಿ ಕಳ್ಳ’ ಎಂದು ಇಟ್ಟಿದ್ದೆ. ಇನ್ನೊಂದು, ವರ್ಡ್‌ನ ಡಾಕ್ಸ್ ಥರ ಒಳಗಿಂದೊಳಗೆ ಜಿಪ್ ಆಗುವ ಫೈಲುಗಳಲ್ಲಿ ಒಂದೇ ಪಠ್ಯದ ನಕಲುಗಳು ಚೆನ್ನಾಗಿ ಹಿಂಡಿಕೊಳ್ಳುತ್ತವೆ. ಫೈಲಿನ ಗಾತ್ರ ಚಿಕ್ಕದಾಗಿ ಕಂಡು ಮೋಸ ಹೋಗಬೇಡಿ. ಸಾಲಿನ ಲೆಕ್ಕವನ್ನೇ ನಂಬಿ.

ಸಾಧ್ಯವಾದರೆ 12,800ರ ಫೈಲನ್ನು ಇನ್ನೊಂದು ಆಕಾರದಲ್ಲೂ ಮಾಡಿ: ಎಲ್ಲ ಸಾಲೂ ಒಂದೇ ತಾಯಿಯ ಕೆಳಗೆ, ಯಾವ ಒಳಮಟ್ಟವೂ ಇಲ್ಲದೆ. ಮಡಚಿದ ಸಾವಿರ ಕೊಂಬೆಗಳನ್ನು ಸಲೀಸಾಗಿ ಹೊರುವ ಸಾಫ್ಟ್‌ವೇರ್ ಇಂಥ ಚಪ್ಪಟೆ ಪಟ್ಟಿಗೆ ಮುಗ್ಗರಿಸುವುದು ಉಂಟು. ಚಪ್ಪಟೆ ಪಟ್ಟಿಯಲ್ಲಿ ಮಡಚಲು ಏನೂ ಇರುವುದಿಲ್ಲ, ಅಲ್ವಾ?

ಹಂತ 3: ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂರಿ

ಚಿಕ್ಕ ಫೈಲಿನಿಂದ ಶುರು ಮಾಡಿ. ಔಟ್‌ಲೈನರಿಗೆ ಇಂಪೋರ್ಟ್ ಮಾಡಿ, ಒಮ್ಮೆ ಮುಚ್ಚಿ, ಮತ್ತೆ ತೆರೆಯಿರಿ. ತೆರೆಯಲು ಎಷ್ಟು ಸೆಕೆಂಡು? ಎಲ್ಲ ಬಿಡಿಸಲು ಎಷ್ಟು? ಮಡಚಲು ಎಷ್ಟು? ಕಳ್ಳನನ್ನು ಹುಡುಕಲು ಎಷ್ಟು? ಮೇಲಿನ ಒಂದು ಕೊಂಬೆಯನ್ನು ಎಳೆದು ತಳಕ್ಕೆ ಹಾಕಲು ಎಷ್ಟು? ಹಾಕಿದ್ದನ್ನು ಅನ್‌ಡೂ ಮಾಡಲು? ಸೇವ್‌ಗೆ?

ಎಲ್ಲಕ್ಕಿಂತ ಮುಖ್ಯ ಟೈಪಿಂಗ್. ಫೈಲಿನ ನಡುಮಧ್ಯಕ್ಕೆ ಹೋಗಿ, ಎಲ್ಲ ಕೊಂಬೆ ಬಿಡಿಸಿಟ್ಟು, ಒಂದು ಪೂರ್ತಿ ವಾಕ್ಯ ವೇಗವಾಗಿ ಹೊಡೆಯಿರಿ. ಕೈ ನಿಲ್ಲಿಸಿದ ಮೇಲೂ ಅಕ್ಷರ ಬರುತ್ತಾ ಇದೆಯಾ ನೋಡಿ. ಆಮೇಲೆ ಎಲ್ಲ ಮಡಚಿ, ಒಂದೇ ಕೊಂಬೆ ತೆರೆದು ಅದೇ ವಾಕ್ಯ ಹೊಡೆಯಿರಿ. ಮಡಚಿದಾಗ ಸರಾಗ, ಬಿಡಿಸಿದಾಗ ತೊದಲು ಎಂದಾದರೆ ತೊಂದರೆ ರಂಗಸ್ಥಳದ್ದು. ಎರಡರಲ್ಲೂ ತೊದಲಿದರೆ ತೊಂದರೆ ಚೌಕಿಯದ್ದು, ಅಥವಾ ಕೀ ಒತ್ತಿದಾಗ ನಡೆಯುವ ಹಿಂದಿನ ಕೆಲಸದ್ದು. ಈ ಒಂದು ಪರೀಕ್ಷೆ ಮಾಡಿದರೆ ಅರ್ಧ ರೋಗ ಗೊತ್ತಾಗುತ್ತದೆ.

ಎಷ್ಟು ಸೆಕೆಂಡು ಸರಿ ಎನ್ನಲು, ಸಾಫ್ಟ್‌ವೇರ್ ಬಳಸಲು ಎಷ್ಟು ಸುಲಭ ಎಂದು ಅಧ್ಯಯನ ಮಾಡುವ ಜಾಕಬ್ ನೀಲ್ಸನ್ 1993ರಲ್ಲಿ ಬರೆದ ಮೂರು ಗೆರೆಗಳು ಇವತ್ತಿಗೂ ಸಾಕು. 0.1 ಸೆಕೆಂಡಿನೊಳಗೆ ಆದರೆ ತಕ್ಷಣ ಆದಂತೆ ಅನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಎಳೆ ತುಂಡಾಗುವುದಿಲ್ಲ. 10 ಸೆಕೆಂಡು ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಟೈಪಿಂಗಿಗೆ ಮೊದಲ ಗೆರೆ, ಮಡಚುವುದು ಮತ್ತು ಹುಡುಕುವುದಕ್ಕೆ ಎರಡನೆಯದು, ತೆರೆಯುವುದಕ್ಕೆ ಮೂರನೆಯದು. ಬೆಳಗ್ಗೆ ಒಮ್ಮೆ ತೆರೆಯುವ ಫೈಲಿಗೆ ಎಂಟು ಸೆಕೆಂಡು ಕಾಯುವುದು ನನಗೆ ಬೇಜಾರಿಲ್ಲ. ಅಕ್ಷರಕ್ಕೆ ಅರ್ಧ ಸೆಕೆಂಡು ಕಾಯಲು ಮಾತ್ರ ಆಗುವುದಿಲ್ಲ.

ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಮೆಮೊರಿ ಎಷ್ಟು ಏರಿತು ನೋಡಿ. ಫೈಲ್ ಮುಚ್ಚಿದ ಮೇಲೆ ಇಳಿಯಿತಾ ನೋಡಿ. ಇಳಿಯದೆ ಹಾಗೇ ಕೂತರೆ ದಿನವಿಡೀ ತೆರೆದಿಡುವ ಅಭ್ಯಾಸ ಬಿಡಬೇಕಾಗುತ್ತದೆ.

ಫೋನಿನಲ್ಲೂ ಬಳಸುವವರು ಅಲ್ಲಿಯೂ ಅದೇ ಫೈಲ್ ತೆರೆಯಲಿ. ಲ್ಯಾಪ್‌ಟಾಪಿಗೆ ಲೆಕ್ಕಕ್ಕಿಲ್ಲದ ಫೈಲು ಫೋನಿಗೆ ಬೆಟ್ಟ. ಜೊತೆಗೆ ಇದನ್ನೂ ಮಾಡಿ: ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಒಂದು ಸಾಲು ಬದಲಿಸಿ, ಲ್ಯಾಪ್‌ಟಾಪಿನಲ್ಲಿ ಅದೇ ಸಾಲನ್ನು ಬೇರೆ ರೀತಿ ಬದಲಿಸಿ, ಆಮೇಲೆ ನೆಟ್ ಬಿಡಿ. ಎರಡೂ ಉಳಿಯುತ್ತವೆಯಾ, ಒಂದು ಇನ್ನೊಂದನ್ನು ನುಂಗುತ್ತದೆಯಾ? ಮಂಗಳೂರಿನಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತು ನೋಟ್ಸ್ ತಿದ್ದುವ ನನ್ನಂಥವರಿಗೆ ಇದು ಬಹಳ ಮುಖ್ಯ.

ಹಂತ 4: ಸಂಖ್ಯೆಯನ್ನಲ್ಲ, ಏರಿಕೆಯನ್ನು ಓದಿ

ನನ್ನ ಪ್ರಕಾರ ಇಡೀ ಕಸರತ್ತಿನ ಸಾರ ಇಲ್ಲಿದೆ. 12,800 ಸಾಲಿಗೆ 2 ಸೆಕೆಂಡು ಆಯಿತು ಎಂಬುದರಿಂದ ಏನೂ ತಿಳಿಯುವುದಿಲ್ಲ. ಲ್ಯಾಪ್‌ಟಾಪ್ ಹಳೆಯದಿರಬಹುದು. 25,600 ಸಾಲಿಗೆ ಎಷ್ಟಾಯಿತು ಎಂಬುದು ಮುಖ್ಯ.

ಡೇಟಾ ಎರಡು ಪಟ್ಟಾದಾಗ ಸಮಯವೂ ಎರಡು ಪಟ್ಟಾದರೆ, ಅಂದರೆ 2 ಹೋಗಿ 4 ಆದರೆ, ಅದು ಸಹಜ. ಹೊಸ ಲ್ಯಾಪ್‌ಟಾಪ್ ಕೊಂಡರೆ ಸುಧಾರಿಸುತ್ತದೆ. 2 ಹೋಗಿ 8 ಆದರೆ, ಅಂದರೆ ನಾಲ್ಕು ಪಟ್ಟಾದರೆ, ಅಲ್ಲಿಗೆ ನಿಲ್ಲಿಸಿ. ಆ ಸಾಫ್ಟ್‌ವೇರ್ ಒಂದೊಂದು ಸಾಲಿಗೂ ಉಳಿದ ಎಲ್ಲ ಸಾಲನ್ನೂ ಒಮ್ಮೆ ಮುಟ್ಟಿ ಬರುತ್ತಿದೆ ಎಂದು ಅರ್ಥ. ಮದುವೆ ಊಟದಲ್ಲಿ ಒಂದೊಂದು ಎಲೆಗೆ ಬಡಿಸಲೂ ಅಡುಗೆಮನೆಯಿಂದ ಪಂಕ್ತಿಯ ತುದಿಯವರೆಗೆ ಓಡಿ ಬಂದ ಹಾಗೆ.

ಲೆಕ್ಕ ಹಾಕಿ ನೋಡಿ. 2 ಸೆಕೆಂಡಿನಿಂದ ಶುರುವಾಗಿ ಡೇಟಾ ಐದು ಸಲ ದುಪ್ಪಟ್ಟಾದರೆ, ಮೊದಲನೆಯ ಸಾಫ್ಟ್‌ವೇರಿಗೆ 64 ಸೆಕೆಂಡು. ಎರಡನೆಯದಕ್ಕೆ 2,048 ಸೆಕೆಂಡು, ಅಂದರೆ 34 ನಿಮಿಷ. ಎಷ್ಟು ದುಬಾರಿ ಲ್ಯಾಪ್‌ಟಾಪ್ ತಂದರೂ ಇದು ಸರಿಯಾಗುವುದಿಲ್ಲ. ನಾನು ಮಳೆಗಾಲಕ್ಕೆ ಮೊದಲು ಸುಮ್ನೆ ಹೆಚ್ಚುವರಿ ರ‍್ಯಾಮ್ ಹಾಕಿಸಿದ್ದೆ. ಏನೂ ಆಗಲಿಲ್ಲ. ಅಳೆದ ಮೇಲೆ ಗೊತ್ತಾಯಿತು ಯಾಕೆ ಎಂದು.

ಎಲ್ಲಿ ಟೈಪಿಂಗ್ ತೊದಲಲು ಶುರುವಾಯಿತೋ ಆ ಸಾಲಿನ ಸಂಖ್ಯೆಯ ಅರ್ಧವನ್ನು ನಿಮ್ಮ ಮಿತಿ ಎಂದು ಗೋಡೆಗೆ ಬರೆದು ಅಂಟಿಸಿ. 25,600ರಲ್ಲಿ ತೊದಲಿದರೆ 12,800. ಅರ್ಧ ಯಾಕೆಂದರೆ ನಿಮ್ಮ ಅಸಲಿ ಫೈಲಿನಲ್ಲಿ ಲಿಂಕು, ಟ್ಯಾಗು, ಬಣ್ಣ ಎಲ್ಲ ಇರುತ್ತವೆ, ಪರೀಕ್ಷೆಯ ರಾಶಿಯಲ್ಲಿ ಇರಲಿಲ್ಲ.

ಹಂತ 5: ಕತ್ತರಿ ಹಿಡಿಯುವ ಮೊದಲು ಸಣ್ಣ ಮದ್ದು

ಮಿತಿ ದಾಟಿದ್ದೀರಿ ಎಂದಾದರೂ ಮೊದಲು ಪುಕ್ಕಟೆ ಉಪಾಯಗಳನ್ನು ನೋಡಿ. ಕಾಗುಣಿತ ಪರೀಕ್ಷೆ ಆರಿಸಿ. ತುಳು, ಕೊಂಕಣಿ ಪದಗಳಿರುವ ಫೈಲಿನಲ್ಲಿ ಅದು ಹೇಗೂ ಎಲ್ಲದಕ್ಕೂ ಕೆಂಪು ಗೆರೆ ಎಳೆಯುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಪದ ಎಣಿಕೆ, ತಾನಾಗಿ ಬರುವ ಕ್ರಮಸಂಖ್ಯೆ, ಬೇಡದ ಪ್ಲಗಿನ್ ಆರಿಸಿ. ಒಂದೊಂದಾಗಿ ಆರಿಸಿ, ಪ್ರತಿ ಸಲ ಟೈಪ್ ಮಾಡಿ ನೋಡಿ. ಎಲ್ಲ ಒಟ್ಟಿಗೆ ಆರಿಸಿದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ.

ಒಂದೇ ಕೊಂಬೆಯನ್ನು ಮಾತ್ರ ಪರದೆಗೆ ತರುವ ಸೌಲಭ್ಯ ಹೆಚ್ಚಿನವುಗಳಲ್ಲಿ ಇದೆ. ಕೆಲವರು ಝೂಮ್ ಎನ್ನುತ್ತಾರೆ, ಕೆಲವರು ಹಾಯ್ಸ್ಟ್, ಕೆಲವರು ಫೋಕಸ್. ದಿನದ ಕೆಲಸ ಅದರೊಳಗೇ ಮಾಡಿ. ರಂಗಸ್ಥಳದ ತೊಂದರೆ ಇದ್ದವರಿಗೆ ಇಷ್ಟೇ ಸಾಕಾಗಬಹುದು. ಚೌಕಿಯ ತೊಂದರೆಗೆ ಇದರಿಂದ ಏನೂ ಆಗುವುದಿಲ್ಲ, ಯಾಕೆಂದರೆ ಕಾಣದಿದ್ದರೂ ಎಲ್ಲರೂ ಒಳಗೆ ಕೂತೇ ಇದ್ದಾರೆ.

ಫೋಟೋಗಳನ್ನು ಹೊರಗೆ ಒಂದು ಫೋಲ್ಡರಿಗೆ ಹಾಕಿ, ಫೈಲಿನಲ್ಲಿ ಹೆಸರು ಮಾತ್ರ ಬರೆಯಿರಿ. ಫೈಲನ್ನು ಕ್ಲೌಡ್ ಸಿಂಕ್ ಫೋಲ್ಡರಿನಲ್ಲಿ ಇಟ್ಟಿದ್ದರೆ ಆಟೋಸೇವ್ ಅಂತರ ಜಾಸ್ತಿ ಮಾಡಿ. ಇಲ್ಲದಿದ್ದರೆ ಪ್ರತಿ ಸೇವ್‌ಗೂ ಬದಲಾದ ಫೈಲು ಮೇಲಕ್ಕೆ ಹೋಗಲು ಶುರುವಾಗುತ್ತದೆ.

ಹಂತ 6: ಇದು ಮರವೋ, ಬರೀ ಪಟ್ಟಿಯೋ?

ಮೀನಿನ ಕೊಂಬೆಯನ್ನು ಬಿಡಿಸಿ ನೋಡಿದಾಗ ನನಗೆ ನಾಚಿಕೆಯಾಯಿತು. ಪ್ರತಿ ಮೀನಿನ ಕೆಳಗೂ ಅದೇ ಐದು ಸಾಲು: ತುಳು ಹೆಸರು, ಕೊಂಕಣಿ ಹೆಸರು, ಬ್ಯಾರಿ ಹೆಸರು, ಕೇಳಿದ ಊರು, ಕೇಳಿದ ದಿನ. ಬೂತಾಯಿ, ಅದರ ಕೆಳಗೆ ಕೊಂಕಣಿಯ ತಾರ್ಲಿ. ಬಂಗುಡೆ, ಅದರ ಕೆಳಗೆ ಮತ್ತೆ ಅದೇ ಐದು. ಇದು ಮರ ಅಲ್ಲ. ಇದು ಕೋಷ್ಟಕ. ಒಂದು ಮೀನಿಗೆ ಆರು ಸಾಲು ತಿನ್ನುವ ಬದಲು ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು, ಆರು ಕಂಬ. ಮೀನಿನ ಸಾಲುಗಳು ಆರರಲ್ಲಿ ಒಂದು ಪಾಲಿಗೆ ಇಳಿದವು, ಔಟ್‌ಲೈನರಿನಿಂದ ಆ ಭಾರವೂ ಹೋಯಿತು. ಊರಿನ ಪ್ರಕಾರ ಜೋಡಿಸಲೂ ಬಂತು. ಅದು ಔಟ್‌ಲೈನರಿನಲ್ಲಿ ಯಾವತ್ತೂ ಸಾಧ್ಯವಾಗಿರಲಿಲ್ಲ.

ಭತ್ತದ ಕೊಂಬೆ ಹಾಗಲ್ಲ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ. ಒಂದೊಂದರಲ್ಲಿ ಬೇರೆ ಬೇರೆ ಕೆಲಸ, ಕೆಲವಕ್ಕೆ ಹಾಡು, ಕೆಲವಕ್ಕೆ ಪೂಜೆ, ಕೆಲವಕ್ಕೆ ಸಲಕರಣೆ. ಒಂದರ ಹಾಗೆ ಇನ್ನೊಂದಿಲ್ಲ. ಅದು ಔಟ್‌ಲೈನರಿನಲ್ಲೇ ಇರಬೇಕು. ನಿಮ್ಮ ಫೈಲಿನಲ್ಲೂ ಹೀಗೆ ಒಂದೇ ಅಚ್ಚಿನ ಕೊಂಬೆ ಹುಡುಕಿ. ಇದ್ದೇ ಇರುತ್ತದೆ.

ಸ್ಪ್ರೆಡ್‌ಶೀಟಿಗೂ ಮಿತಿ ಇದೆ, ಆದರೆ ಅದು ಬರೆದಿಟ್ಟ ಮಿತಿ. ಎಕ್ಸೆಲ್‌ನ ಒಂದು ಹಾಳೆಗೆ 10,48,576 ಸಾಲು. 2007ಕ್ಕೆ ಮೊದಲಿನ ಎಕ್ಸೆಲ್‌ನಲ್ಲಿ 65,536 ಮಾತ್ರ ಇತ್ತು, ಕಿಟೆಲ್ ಕೋಶದ ಪದಗಳೇ ಅದರಲ್ಲಿ ಹಿಡಿಸುತ್ತಿರಲಿಲ್ಲ!

ಹಂತ 7: ಭಾಗ ಮಾಡುವುದು

ಇಷ್ಟಾದ ಮೇಲೂ ಗೋಡೆಯ ಮೇಲಿನ ಸಂಖ್ಯೆಗಿಂತ ಜಾಸ್ತಿ ಉಳಿದರೆ ಭಾಗ ಮಾಡಲೇಬೇಕು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಬಂದ ತುಳು ನಿಘಂಟು ಆರು ಸಂಪುಟ. ಅಕ್ಷರದ ಕ್ರಮದಲ್ಲಿ ಕತ್ತರಿಸಿದ್ದಾರೆ, ಓದುವವರಿಗೆ ಅದೇ ಸರಿ. ಆದರೆ ಕೆಲಸ ನಡೆಯುತ್ತಿರುವ ಟಿಪ್ಪಣಿಗೆ ಅಕ್ಷರದ ಕತ್ತರಿ ಬೇಡ. ಬಲೆಯ ಬಗ್ಗೆ ಬರೆಯಲು ಕೂತರೆ ಏಳು ಫೈಲು ತೆರೆಯಬೇಕಾಗುತ್ತದೆ. ಒಂದೇ ದಿನ ಒಟ್ಟಿಗೆ ತೆರೆಯುವುದು ಯಾವುದೋ ಅದು ಒಂದೇ ಫೈಲಿನಲ್ಲಿ ಇರಲಿ. ದಿನಚರಿ, ಮೀಟಿಂಗ್ ನೋಟ್ಸ್ ಆದರೆ ವರ್ಷದ ಪ್ರಕಾರ ಕತ್ತರಿಸಿ.

ಕತ್ತರಿಸಿದ ಕೂಡಲೇ ಬರುವ ಪ್ರಶ್ನೆ: ಬೂತಾಯಿ ಪುಳಿಮುಂಚಿ ಎಂಬ ಹುಳಿ ಖಾರದ ಮೀನಿನ ಅಡುಗೆ ಎಲ್ಲಿಗೆ? ಮೀನಿಗೋ ಅಡುಗೆಗೋ? ಎರಡೂ ಕಡೆ ನಕಲು ಇಟ್ಟರೆ ಆರು ತಿಂಗಳಲ್ಲಿ ಎರಡೂ ಬೇರೆ ಬೇರೆ ಆಗಿರುತ್ತವೆ. ಒಂದು ಕಡೆ ಮನೆ, ಇನ್ನೊಂದು ಕಡೆ ಬರೀ ಲಿಂಕು. ಪುಳಿಮುಂಚಿಗೆ ಅಡುಗೆಯೇ ಮನೆ.

ಲಿಂಕಿನ ವಿಷಯದಲ್ಲಿ ಒಂದು ಮಾತು. ಸಾಫ್ಟ್‌ವೇರ್ ಕೊಡುವ ಲಿಂಕು ಫೈಲಿನ ಹೆಸರು ಬದಲಾದರೆ ಮುರಿಯಬಹುದು, ಸಾಫ್ಟ್‌ವೇರೇ ಬದಲಾದರೆ ಖಂಡಿತ ಮುರಿಯುತ್ತದೆ. ನಾನು ನನ್ನದೇ ಗುರುತು ಹಾಕುತ್ತೇನೆ. ಮೀ-017, ಅ-203, ಹೀಗೆ. ಸಾಲಿನ ಕೊನೆಗೆ ಆ ಗುರುತು ಬರೆದಿಟ್ಟರೆ ಯಾವ ಸಾಫ್ಟ್‌ವೇರಿನಲ್ಲೂ ಹುಡುಕಿ ತಲುಪಬಹುದು. ಎಲ್ಲ ಫೈಲುಗಳ ಮೇಲೆ ಒಂದು ಪುಟ್ಟ ಸೂಚಿ ಫೈಲು, ಅದರಲ್ಲಿ ಕೊಂಬೆಗಳ ಹೆಸರು ಮಾತ್ರ.

ಎಲ್ಲ ಫೈಲಿನಲ್ಲೂ ಒಟ್ಟಿಗೆ ಹುಡುಕಲು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ‘ಫೈಂಡ್ ಇನ್ ಫೈಲ್ಸ್’ ಸಾಕು. ಕನ್ನಡದಲ್ಲಿ ಹುಡುಕುವಾಗ ಎರಡು ಗುಂಡಿಗಳಿವೆ, ಬೀಳಬೇಡಿ. ‘ಸಾಫ್ಟ್‌ವೇರ್’ ಥರದ ಪದಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಒಂದು ಕಡೆ ಅದನ್ನು ಹಾಕಿ ಇನ್ನೊಂದು ಕಡೆ ಬಿಟ್ಟಿದ್ದರೆ ಹುಡುಕಾಟಕ್ಕೆ ಸಿಗುವುದಿಲ್ಲ. ‘ಕೊ’ದ ಒಕಾರವನ್ನೂ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಕಾಣುವುದು ಒಂದೇ ಥರ. ಹಳೆಯ ನುಡಿ ಫಾಂಟಿನ ಪಠ್ಯ ಇದ್ದರಂತೂ ಮೊದಲು ಯುನಿಕೋಡಿಗೆ ಬದಲಿಸಿ, ಆಮೇಲೆ ಮುಂದಿನ ಮಾತು.

ಯಾವ ಸಾಫ್ಟ್‌ವೇರಿಗೆ ಏನು

ವರ್ಡ್ ಬಳಸುವವರಿಗೆ ಬರೆದಿಟ್ಟ ಮಿತಿ ಇದೆ: ಪಠ್ಯ ಮಾತ್ರ 32 ಎಂಬಿ, ಚಿತ್ರ ಸೇರಿ ಒಟ್ಟು 512 ಎಂಬಿ. ಅದನ್ನು ಮುಟ್ಟುವ ಬಹಳ ಮೊದಲೇ ನಿಧಾನವಾಗುತ್ತದೆ. ಮೈಂಡ್‌ಮ್ಯಾಪ್ ಮಾಡುವ ಫ್ರೀಪ್ಲೇನ್, ಜಾವಾ ಎಂಬ ವೇದಿಕೆಯ ಮೇಲೆ ಓಡುತ್ತದೆ. ಜಾವಾಗೆ ಎಷ್ಟು ಮೆಮೊರಿ ಬಳಸಬಹುದು ಎಂಬ ಗಡಿ ಮೊದಲೇ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ 16 ಜಿಬಿ ಖಾಲಿ ಬಿದ್ದಿದ್ದರೂ ಆ ಗಡಿ ದಾಟುವುದಿಲ್ಲ, ಸೆಟ್ಟಿಂಗಿನಲ್ಲಿ ಏರಿಸಬೇಕು.

ಆರ್ಗ್ ಮೋಡ್‌ನವರು ಮೊದಲು ಆವೃತ್ತಿ ನೋಡಲಿ. 2022ರ ಆರ್ಗ್ 9.6ರಲ್ಲಿ ಮಡಚುವ ವಿಧಾನವನ್ನೇ ಹೊಸದಾಗಿ ಬರೆದರು, ದೊಡ್ಡ ಫೈಲುಗಳಿಗಾಗಿಯೇ. 2023ರ ಈಮ್ಯಾಕ್ಸ್ 29ರಲ್ಲಿ ತುಂಬಾ ಉದ್ದದ ಸಾಲುಗಳ ಕಾಟ ಕಡಿಮೆಯಾಯಿತು. ಎಷ್ಟೋ ಜನ ಹಳೆಯ ಆವೃತ್ತಿಯಲ್ಲೇ ಕೂತು ಬೈಯುತ್ತಿರುತ್ತಾರೆ. ಈಮ್ಯಾಕ್ಸ್ 10 ಎಂಬಿ ಹತ್ತಿರ ದಾಟಿದ ಫೈಲು ತೆರೆಯುವಾಗ ನಿಜವಾಗಿ ಬೇಕಾ ಎಂದು ಕೇಳುತ್ತದೆ. ಇಂಗ್ಲಿಷಿನಲ್ಲಿ ಅದು ಕೋಟಿ ಅಕ್ಷರ, ಕನ್ನಡದಲ್ಲಿ ಸುಮಾರು 33 ಲಕ್ಷ ಸಂಕೇತ.

ಬ್ರೌಸರಿನ ಔಟ್‌ಲೈನರುಗಳಲ್ಲಿ ನಿಮ್ಮ ಕೈಯಲ್ಲಿ ಇರುವುದು ಮಡಚುವುದು, ಝೂಮ್ ಮಾಡುವುದು, ಭಾಗ ಮಾಡುವುದು ಅಷ್ಟೇ.

ಕೊನೆಯ ಹಂತ: ವಾಪಸ್ ತಂದು ನೋಡಿ

ಭಾಗ ಮಾಡಿ ಮುಗಿದ ಮೇಲೆ ಎಲ್ಲ ಹೊಸ ಫೈಲುಗಳ ಸಾಲು ಎಣಿಸಿ. ಕೋಷ್ಟಕಕ್ಕೆ ಹೋದ ಹಳೆಯ ಸಾಲುಗಳನ್ನು (ನನ್ನ ಮೀನಿನ ಕೋಷ್ಟಕದಲ್ಲಿ ಒಂದು ಸಾಲಿಗೆ ಆರು) ಅದಕ್ಕೆ ಕೂಡಿಸಿ. ಹಂತ 1ರಲ್ಲಿ ಬರೆದುಕೊಂಡ ಸಂಖ್ಯೆಗೆ ತಾಳೆ ಆಗಬೇಕು. ನನಗೆ ಮೊದಲ ಸಲ ತಾಳೆ ಆಗಲಿಲ್ಲ. ದೋಣಿಯ ಒಂದು ಕೊಂಬೆ ಎಳೆಯುವಾಗ ಎಲ್ಲೋ ಬಿದ್ದುಹೋಗಿತ್ತು. ಪೆನ್‌ಡ್ರೈವಿನ ಕಾಪಿ ಇದ್ದದ್ದರಿಂದ ಸಿಕ್ಕಿತು.

ಆಮೇಲೆ ಆ ಪೆನ್‌ಡ್ರೈವನ್ನು ಬೇರೆ ಯಾರದಾದರೂ ಕಂಪ್ಯೂಟರಿಗೆ ಹಾಕಿ, ನಿಮ್ಮ ಔಟ್‌ಲೈನರ್ ಇಲ್ಲದೆ, ಸಾದಾ ಪಠ್ಯವನ್ನು ತೆರೆಯಿರಿ. ನಾನು ಪಕ್ಕದ ಮನೆಯ ಹುಡುಗನ ಕಂಪ್ಯೂಟರಿನಲ್ಲಿ ತೆರೆದೆ. ಅವನು ಇಣುಕಿ ನೋಡಿ, ‘ತಾರ್ಲಿ ಬರೆದದ್ದು ಸರಿ ಉಂಟು, ಆದ್ರೆ ನಮ್ಮ ಅಜ್ಜಿ ತಾರ್ಲೆ ಅಂತಾರೆ’ ಎಂದ. ಅಲ್ಲೇ ಒಂದು ಸಾಲು ಸೇರಿಸಿದೆ. ಒತ್ತಿದ ಅಕ್ಷರ ಒತ್ತಿದ ಹಾಗೇ ಬಂತು.